‘ಮಜಕ್ಕೆ ಆಡಿದೆ’ ಎನ್ನುವವರಿಗೆ

ನಮಸ್ಕಾರ, ಕಾರವಾರದಿಂದ ಮಾತನಾಡುತ್ತಿದ್ದೇನೆ. ಹೊರಗೆ ಆಷಾಢದ ಮಳೆ, ಟೆನಿಸ್ ಕೋರ್ಟಿನ ತುಂಬ ಪಾಚಿ. ಆಡಲಾಗದ ಮನುಷ್ಯ ಮಾತನಾಡದೆ ಇನ್ನೇನು ಮಾಡುತ್ತಾನೆ?

ಹಿಂದಿನ ಸಂಚಿಕೆಯಲ್ಲಿ ಹಿರಿಯರ ಟೆನಿಸ್ ಟೂರ್ನಿಯ ಒತ್ತಡದ ಬಗ್ಗೆ ಹೇಳಿದ್ದೆ. ಅದರ ಕೆಳಗೆ ಶಿರಸಿಯ ಮಹನೀಯರೊಬ್ಬರು ಬರೆದಿದ್ದಾರೆ: ‘ಈ ವಯಸ್ಸಿನಲ್ಲಿ ಎಂಥ ಒತ್ತಡ ಮಾರಾಯರೇ? ಮಜಕ್ಕೆ ಆಡುವುದಲ್ಲವೇ?’ ಆ ಒಂದು ಸಾಲಿಗೆ ಬಿದ್ದ ಮೆಚ್ಚುಗೆ ನನ್ನ ಇಡೀ ವಿಡಿಯೊಗೆ ಬಿದ್ದಿಲ್ಲ. ಅದು ಬೇರೆ ನೋವು, ಬಿಡಿ.

ನಾನು ಕೇಳುವುದು ಇಷ್ಟೇ. ‘ಮಜಕ್ಕೆ ಆಡಿದೆ’ ಎಂಬ ಮಾತನ್ನು ಗೆದ್ದವನ ಬಾಯಲ್ಲಿ ಯಾವತ್ತಾದರೂ ಕೇಳಿದ್ದೀರಾ? ಗೆದ್ದವನು ಅಂಕಗಳನ್ನು ಗೇಮ್ ಸಮೇತ ಒಪ್ಪಿಸುತ್ತಾನೆ, ಅಂಕೋಲೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತನನ್ನೂ ಬಿಡುವುದಿಲ್ಲ. ಸೋತವನಿಗೆ ಮಾತ್ರ ಮಜಾ ನೆನಪಾಗುತ್ತದೆ. ಹಾಗೆಂದ ಕ್ಷಣಕ್ಕೆ ಆ ಸೋಲಿನಿಂದ ಕಲಿಯಬೇಕಿದ್ದದ್ದೆಲ್ಲ ಕಾಳಿ ನದಿಯ ಪಾಲು.

ಕೋರ್ಟಿನೊಳಗೆ ಏನಾಗುತ್ತದೆ ನೋಡೋಣ. 30-40, ಅಂದರೆ ಇನ್ನೊಂದು ಪಾಯಿಂಟ್ ಹೋದರೆ ಗೇಮ್ ಎದುರಾಳಿಗೆ. ಮೊದಲ ಸರ್ವ್ ತಪ್ಪಿದೆ, ಉಳಿದದ್ದು ಎರಡನೆಯದು. ಬಾವಿಯ ಹಗ್ಗ ಹಿಡಿದಂತೆ ರ‍್ಯಾಕೆಟ್ ಹಿಡಿಯುತ್ತೀರಿ. ಮುಷ್ಟಿ ಬಿಗಿಯಾದರೆ ಮಣಿಕಟ್ಟು ಸತ್ತಿತು. ಚೆಂಡನ್ನು ಸಾಕಷ್ಟು ಎತ್ತರಕ್ಕೆ ಎಸೆಯುವುದಿಲ್ಲ, ‘ಒಳಗೆ ಬಿದ್ದರೆ ಸಾಕಪ್ಪಾ’ ಎಂದು ತೋಳನ್ನು ಅರ್ಧದಲ್ಲೇ ನಿಧಾನಿಸುತ್ತೀರಿ. ತೋಳು ನಿಧಾನವಾದರೆ ಸ್ಪಿನ್ ಇಲ್ಲ, ಸ್ಪಿನ್ ಇಲ್ಲದಿದ್ದರೆ ಚೆಂಡು ಕೆಳಗಿಳಿಯುವುದಿಲ್ಲ. ಡಬಲ್ ಫಾಲ್ಟ್, ಎರಡೂ ಸರ್ವ್ ತಪ್ಪಿ ಪಾಯಿಂಟ್ ಎದುರಾಳಿಗೆ! ಹೊರಗೆ ಬಂದು ದೂರುವುದು ಕಡಲ ಗಾಳಿಯನ್ನು. ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಬರುತ್ತದೆಂದು ಈ ಊರಿನ ಮೀನುಗಾರನಿಗೆ ಗೊತ್ತು, ನಿಮಗೆ ಗೊತ್ತಿರಲಿಲ್ಲವೇ? ಎದುರಾಳಿಗೇನು ಬೇರೆ ಗಾಳಿ ತರಿಸಿದ್ದರೇ?

ಇನ್ನೊಂದು ಒತ್ತಡ ಹಿರಿಯರ ಟೂರ್ನಿಗಳಲ್ಲಿ ಹೆಚ್ಚು. ಬಹುತೇಕ ಪಂದ್ಯಗಳಲ್ಲಿ ಕುರ್ಚಿಯ ಮೇಲೆ ಅಂಪೈರ್ ಇರುವುದಿಲ್ಲ. ನಮ್ಮ ಕಡೆಯ ಗೆರೆಗೆ ನಾವೇ ನ್ಯಾಯಾಧೀಶರು, ಅನುಮಾನವಿದ್ದರೆ ಪಾಯಿಂಟ್ ಎದುರಾಳಿಗೆ. 4-4ರಲ್ಲಿ ಚೆಂಡು ಗೆರೆಯ ಅಂಚು ಸವರಿತೋ ಇಲ್ಲವೋ ಎಂದು ನೀವೇ ಹೇಳಬೇಕು. ಮುಂದಿನ ಮೂರು ಪಾಯಿಂಟ್ ಅದನ್ನೇ ಮೆಲುಕು ಹಾಕುತ್ತೀರಿ. ಇದು ಮಜಾ ಎಂದಾದರೆ ಹಲ್ಲು ಕೀಳಿಸಿಕೊಳ್ಳುವುದೂ ಮಜವೇ.

‘ಅದೆಲ್ಲ ಫೆಡರರ್ ಅಂಥವರಿಗೆ, ನಮಗಲ್ಲ’ ಎನ್ನುತ್ತೀರಿ. ಸರಿ, ಫೆಡರರ್ ಅವರನ್ನೇ ಕರೆಯೋಣ. 2019ರ ವಿಂಬಲ್ಡನ್ ಫೈನಲ್, ಐದನೆಯ ಸೆಟ್, 8-7, 40-15, ಸರ್ವ್ ಅವರದ್ದೇ. ಎರಡು ಚಾಂಪಿಯನ್‌ಶಿಪ್ ಪಾಯಿಂಟ್ ಕೈಯಲ್ಲಿವೆ, ಒಂದನ್ನು ಗೆದ್ದರೂ ಕಪ್ ಅವರದು. ಪಂದ್ಯದಲ್ಲಿ ಅವರು ಗೆದ್ದದ್ದು ಒಟ್ಟು 218 ಪಾಯಿಂಟ್, ಜೊಕೊವಿಚ್ 204. ಕಪ್ ಯಾರದು? ಜೊಕೊವಿಚ್ ಅವರದು. ಸಮಬಲದ ಸೆಟ್ಟನ್ನು ತೀರ್ಮಾನಿಸುವ ಮೂರು ಟೈಬ್ರೇಕರ್‌ಗಳನ್ನೂ ಅವರೇ ಗೆದ್ದರು. ನಮ್ಮ ಅನೇಕ ಟೂರ್ನಿಗಳಲ್ಲಿ ಮೂರನೆಯ ಸೆಟ್ಟಿನ ಬದಲು ಹತ್ತು ಪಾಯಿಂಟಿನ ಟೈಬ್ರೇಕರ್ ಇಡುತ್ತಾರೆ, ಹಾಗಾಗಿ ಈ ಲೆಕ್ಕ ನಮಗೇ ಹೆಚ್ಚು ಬೇಕು. ಅದೇ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಹೇಳಿದರು: ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80 ಗೆದ್ದರೂ, ಪಾಯಿಂಟ್ ಲೆಕ್ಕದಲ್ಲಿ ಗೆದ್ದದ್ದು ಶೇ 54 ಮಾತ್ರ. ಹೆಚ್ಚುಕಡಿಮೆ ಅರ್ಧದಷ್ಟು ಪಾಯಿಂಟ್ ಸೋಲುವುದೇ ಆಟ! ಅದನ್ನು ಅವರು ಎಣಿಸಿಟ್ಟುಕೊಂಡು ಮಾತನಾಡಿದರು, ‘ಮಜಕ್ಕೆ ಆಡಿದೆ’ ಎಂದು ಎದ್ದುಹೋಗಲಿಲ್ಲ.

ಜೆಕ್ ಆಟಗಾರ್ತಿ ಯಾನಾ ನೊವೊಟ್ನಾ ಹೆಸರು ನೆನಪಿದೆಯೇ? 1993ರ ವಿಂಬಲ್ಡನ್ ಫೈನಲ್‌ನ ಮೂರನೆಯ ಸೆಟ್ಟಿನಲ್ಲಿ ಸ್ಟೆಫಿ ಗ್ರಾಫ್ ವಿರುದ್ಧ 4-1ರ ಮುನ್ನಡೆ. ಒಂದೇ ಪಾಯಿಂಟ್ ಬಂದಿದ್ದರೆ 5-1. ಡಬಲ್ ಫಾಲ್ಟ್ ಮಾಡಿದರು, ಸೆಟ್ 6-4ರಲ್ಲಿ ಗ್ರಾಫ್ ಪಾಲಾಯಿತು. ಬಹುಮಾನ ಕೊಡಲು ಬಂದ ಬ್ರಿಟನ್ ರಾಜಮನೆತನದ ಡಚೆಸ್ ಆಫ್ ಕೆಂಟ್ ಅವರ ಹೆಗಲ ಮೇಲೆ ತಲೆಯಿಟ್ಟು ಎಲ್ಲರೆದುರು ಅತ್ತರು. 1998ರಲ್ಲಿ ಅದೇ ವಿಂಬಲ್ಡನ್ ಗೆದ್ದರು. ಅತ್ತವರು ಗೆದ್ದರು ಸ್ವಾಮಿ, ನಕ್ಕು ‘ಮಜಾ ಬಂತು’ ಎಂದವರು ಇನ್ನೂ ಮೊದಲ ಸುತ್ತಿನಲ್ಲಿದ್ದಾರೆ!

ಮಧ್ಯೆ ಒಂದು ಮಾತು: ಈ ಸಂಚಿಕೆಗೆ ಪ್ರಾಯೋಜಕರಿಲ್ಲ. ನಾನು ಕುಡಿಯುತ್ತಿರುವ ಮುರುಗಲು ಶರಬತ್ತು ನನ್ನ ಅತ್ತಿಗೆ ಮಾಡಿದ್ದು. ಚಂದಾದಾರರು ಹೆಚ್ಚಾದರೆ ಬಾಟಲಿಯಲ್ಲಿ ಮಾರುವ ಯೋಚನೆ ಆಕೆಗಿದೆ. ಆದ್ದರಿಂದ ಗಂಟೆಯ ಗುರುತನ್ನು ಒತ್ತಿ.

ಒತ್ತಡಕ್ಕೆ ಮದ್ದೇನು ಎಂದು ಕೇಳುತ್ತೀರಿ. ಒಂದು ಪಾಯಿಂಟ್ ಮುಗಿದು ಇನ್ನೊಂದು ಶುರುವಾಗಲು ನಿಯಮದ ಪ್ರಕಾರ 25 ಸೆಕೆಂಡ್ ಇದೆ. ಬೆನ್ನು ತಿರುಗಿಸಿ, ರ‍್ಯಾಕೆಟ್ಟಿನ ತಂತಿಗಳನ್ನು ನೋಡಿ, ಉಸಿರು ಬಿಡಿ, ಮುಂದಿನ ಸರ್ವ್ ಎಲ್ಲಿಗೆಂದು ತೀರ್ಮಾನಿಸಿ, ಆಮೇಲೆ ಚೆಂಡು ಪುಟಿಸಿ. ಪಂದ್ಯ ಸೋತರೆ ಅದೇ ಸಂಜೆ ಬರೆಯಿರಿ: ಯಾವ ಪಾಯಿಂಟ್, ಏನು ಹೊಡೆದೆ, ಏಕೆ ಹೊಡೆದೆ. ಮೊಣಕಾಲಿನ ಬಗ್ಗೆ ಬರೆಯಬೇಡಿ. ಎದುರಾಳಿಗೂ ಮೊಣಕಾಲಿದೆ, ಅದೂ ಅರವತ್ತರದ್ದೇ.

‘ಬಿ.ಪಿ. ಏರುತ್ತದೆ’ ಎಂದು ಇನ್ನೊಬ್ಬರು ಬರೆದಿದ್ದಾರೆ. ಅದಕ್ಕೆ ವೈದ್ಯರಿದ್ದಾರೆ, ಕೇಳಿಕೊಂಡು ಬನ್ನಿ. ‘ವಯಸ್ಸಾಯಿತು’ ಎಂದು ಮತ್ತೊಬ್ಬರು. ಯಾರಿಗೆ ವಯಸ್ಸಾಯಿತು? ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಮಾಸ್ಟರ್ಸ್ ಟೂರ್‌ನಲ್ಲಿ ತೊಂಬತ್ತು ದಾಟಿದವರ ವಿಭಾಗವಿದೆ. ಉಕ್ರೇನಿನ ಲಿಯೊನಿಡ್ ಸ್ಟಾನಿಸ್ಲಾವ್‌ಸ್ಕಿ 2021ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ಸ್ಪೇನಿನ ಮಯೋರ್ಕಾದ ವಿಶ್ವ ಚಾಂಪಿಯನ್‌ಶಿಪ್ಪಿಗೆ ಹೋದರು, ನಡಾಲ್ ಜೊತೆಗೂ ಚೆಂಡು ಹೊಡೆದು ಬಂದರು. ನಿಮಗೆ ಐವತ್ತೆಂಟಕ್ಕೇ ವಯಸ್ಸಾಯಿತೇ?

ಮಜಾ ಬೇಕಿದ್ದರೆ ಸಂಜೆ ಟಾಗೋರ್ ಕಡಲತೀರದಲ್ಲಿ ಚುರುಮುರಿ ತಿನ್ನಿ. ಪ್ರವೇಶ ಶುಲ್ಕ ಕಟ್ಟಿ, ದೇವಿಮನೆ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಮೊಣಕಾಲಿಗೆ ಪಟ್ಟಿ ಸುತ್ತಿ, 6-2, 6-1ರಲ್ಲಿ ಸೋತು ಮಜಾ ಅಂತೆ! ಮಜವಂತೆ ಮಜಾ! ಯಾರಿಗೆ ಹೇಳುತ್ತೀರಿ? ಇಲ್ಲ, ನಾನು ಕೂಗುತ್ತಿಲ್ಲ, ಮಳೆಯ ಸದ್ದಿಗೆ ದನಿ ಏರಿಸಬೇಕಾಗಿದೆ ಅಷ್ಟೇ. ಒಪ್ಪದವರು ಕೆಳಗೆ ಬರೆಯಿರಿ, ಎಷ್ಟು ಬೈದರೂ ವೀಕ್ಷಣೆಯ ಲೆಕ್ಕ ಏರುತ್ತದೆ.

ಮುಂದಿನ ಸಂಚಿಕೆ ಡಬಲ್ಸ್ ಬಗ್ಗೆ, ಅಂದರೆ ಸೋಲನ್ನು ಜೊತೆಗಾರನ ತಲೆಗೆ ಕಟ್ಟುವವರ ಬಗ್ಗೆ. ನನ್ನ ಜೊತೆಗಾರ ಈ ಚಾನೆಲ್ ನೋಡುವುದಿಲ್ಲ, ಹಾಗಾಗಿ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಹೇಳುತ್ತೇನೆ.