ಜಿಪಿಎಸ್‌ನ ನೆಲದ ಪಾಲು: ಒಸಿಎಕ್ಸ್ ಯೋಜನೆಯ ವೆಚ್ಚ ಮತ್ತು ವಿಳಂಬ

ಸಭಿಕರೇ,

ಅಮೆರಿಕದ ಜಿಪಿಎಸ್ ಎಂದೊಡನೆ ಎಲ್ಲರ ಗಮನ ಉಪಗ್ರಹಗಳತ್ತ ಹರಿಯುತ್ತದೆ. ಆದರೆ ಅದನ್ನು ಆಧುನೀಕರಿಸುವ ಕೆಲಸದಲ್ಲಿ ಹಣವೂ ಕಾಲವೂ ಹಿಡಿತ ತಪ್ಪಿದ್ದು ಮುಖ್ಯವಾಗಿ ನೆಲದ ಮೇಲೆ, ಅಂದರೆ ಉಪಗ್ರಹಗಳಿಗೆ ಆಜ್ಞೆ ಕಳಿಸಿ ಅವುಗಳ ಗಡಿಯಾರ ಮತ್ತು ಕಕ್ಷೆಯ ಮಾಹಿತಿಯನ್ನು ತಿದ್ದುವ ನಿಯಂತ್ರಣ ತಂತ್ರಾಂಶದಲ್ಲಿ. ಒಸಿಎಕ್ಸ್ ಎಂಬ ಆ ಯೋಜನೆಯೇ ಇಂದಿನ ವಿಷಯ.

ಶತ್ರುವಿನ ಜಾಮಿಂಗ್ ಅನ್ನು, ಅಂದರೆ ಸಂಕೇತಗಳಿಗೆ ಅಡ್ಡಿಪಡಿಸುವ ಯತ್ನವನ್ನು, ಹೆಚ್ಚು ಸಮರ್ಥವಾಗಿ ಎದುರಿಸಲೆಂದು ಸೇನೆಗಾಗಿಯೇ ರೂಪಿಸಿದ ಎಂ-ಕೋಡ್ ಸಂಕೇತವನ್ನು ಬಿತ್ತರಿಸಬಲ್ಲ ಮೊದಲ ಉಪಗ್ರಹ 2005ರಲ್ಲೇ ಕಕ್ಷೆ ಸೇರಿತು. ಅದನ್ನು ಪೂರ್ಣವಾಗಿ ನಿರ್ವಹಿಸಬೇಕಾದ ವ್ಯವಸ್ಥೆಯ ಗುತ್ತಿಗೆ ರೇಥಿಯಾನ್ ಕಂಪನಿಗೆ ಸಿಕ್ಕಿದ್ದು 2010ರಲ್ಲಿ, ಸುಮಾರು 88.6 ಕೋಟಿ ಡಾಲರಿಗೆ. ಬಾಹ್ಯಾಕಾಶ ಪಡೆ ಅದನ್ನು ಅಧಿಕೃತವಾಗಿ ಸ್ವೀಕರಿಸಿದ್ದು 2025ರ ಜುಲೈನಲ್ಲಿ. ಗುತ್ತಿಗೆಯ ಮೊತ್ತವನ್ನೂ ಯೋಜನೆಯ ಒಟ್ಟು ವೆಚ್ಚವನ್ನೂ ನೇರವಾಗಿ ಹೋಲಿಸುವುದು ಸರಿಯಲ್ಲ; ಹಾಗಿದ್ದರೂ ಒಟ್ಟು ಅಂದಾಜು 600 ಕೋಟಿ ಡಾಲರುಗಳನ್ನು ದಾಟಿತ್ತು ಎಂಬುದನ್ನು ಕಡೆಗಣಿಸಲಾಗದು.

ಇದಕ್ಕೆ ತಾಂತ್ರಿಕ ಕಷ್ಟವೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಕೆಲಸದ ಕ್ರಮವೇ ತಲೆಕೆಳಗಾಗಿತ್ತು. ವ್ಯವಸ್ಥೆಯ ಒಟ್ಟು ವಿನ್ಯಾಸ ಗಟ್ಟಿಯಾಗುವ ಮೊದಲೇ ತಂತ್ರಾಂಶ ಬರೆಯಲು ತೊಡಗಿದರು. ಸೈಬರ್ ಭದ್ರತೆಯ ಕಟ್ಟುನಿಟ್ಟಾದ ಷರತ್ತುಗಳು ಎಷ್ಟು ಕೆಲಸವನ್ನು ಬೇಡುತ್ತವೆ ಎಂಬುದನ್ನು, ಆಗ ಜಿಪಿಎಸ್‌ನ ಹೊಣೆ ಹೊತ್ತಿದ್ದ ವಾಯುಪಡೆಯೂ ಗುತ್ತಿಗೆದಾರರೂ ಆರಂಭದಲ್ಲಿ ಸರಿಯಾಗಿ ಅಳೆಯಲಿಲ್ಲ. ದೋಷಗಳು ರಾಶಿ ಬಿದ್ದವು. ಬರೆದದ್ದನ್ನೇ ಮತ್ತೆ ಬರೆಯಬೇಕಾಯಿತು.

ಯಂತ್ರಾಂಶದ ಪಾಡನ್ನೂ ನೋಡಿ. ಒಸಿಎಕ್ಸ್ ನಂಬಿದ್ದು ಐಬಿಎಂ ಸರ್ವರ್‌ಗಳನ್ನು. ಆ ಸರ್ವರ್ ವ್ಯವಹಾರವನ್ನು ಐಬಿಎಂ 2014ರಲ್ಲಿ ಚೀನಾದ ಲೆನೊವೊಗೆ ಮಾರಿತು. ಸೇನಾ ವ್ಯವಸ್ಥೆಯಲ್ಲಿ ಅವನ್ನು ಮುಂದುವರಿಸುವಂತಿರಲಿಲ್ಲವಾದ್ದರಿಂದ, 2020ರಲ್ಲಿ ಸುಮಾರು 37.8 ಕೋಟಿ ಡಾಲರ್ ವೆಚ್ಚದಲ್ಲಿ ಬೇರೆ ಕಂಪನಿಯ ಯಂತ್ರಗಳಿಗೆ ಬದಲಾಗಲು ನಿರ್ಧರಿಸಲಾಯಿತು. ಯೋಜನೆ ಹೊತ್ತಿಗೆ ಸರಿಯಾಗಿ ಮುಗಿದಿದ್ದರೆ, ಈ ಬದಲಾವಣೆ ಅಭಿವೃದ್ಧಿಯ ನಡುವೆಯೇ ಬಂದೆರಗುತ್ತಿರಲಿಲ್ಲ. ವಿಳಂಬವೇ ಹೊಸ ವೆಚ್ಚವನ್ನು ಹುಟ್ಟಿಸುವುದು ಹೀಗೆ.

ಅಮೆರಿಕದಲ್ಲಿ ನನ್-ಮೆಕರ್ಡಿ ಎಂಬ ಕಾನೂನಿದೆ. ವೆಚ್ಚವು ಚಾಲ್ತಿ ಅಂದಾಜನ್ನು ಶೇಕಡಾ 25ರಷ್ಟು ಮೀರಿದರೆ, ಯೋಜನೆ ರಾಷ್ಟ್ರೀಯ ಭದ್ರತೆಗೆ ಅತ್ಯಗತ್ಯವೆಂದು ರಕ್ಷಣಾ ಇಲಾಖೆ ಪ್ರಮಾಣೀಕರಿಸದ ಹೊರತು ಅದನ್ನು ನಿಲ್ಲಿಸಲೇಬೇಕು. 2016ರ ಜೂನ್‌ನಲ್ಲಿ ಒಸಿಎಕ್ಸ್ ಈ ಗೆರೆ ದಾಟಿತು. ಅದೇ ವರ್ಷ ಪ್ರಮಾಣಪತ್ರವೂ ಸಿಕ್ಕಿತು. ಕೈಯಲ್ಲಿ ಬೇರೆ ದಾರಿಯಿಲ್ಲದಿದ್ದಾಗ ಕಾನೂನಿನ ಕತ್ತಿ ಮೊಂಡಾಗುವುದು ಸಹಜವೇ.

ಈ ನಡುವೆ ಉಪಗ್ರಹಗಳು ಕಾಯಲಿಲ್ಲ. ಜಿಪಿಎಸ್-3 ಎಂಬ ಹೊಸ ಪೀಳಿಗೆಯ ಮೊದಲ ಉಪಗ್ರಹ 2018ರ ಡಿಸೆಂಬರ್‌ನಲ್ಲಿ ಹಾರಿತು. ಉಡಾವಣೆ ಮತ್ತು ಆರಂಭಿಕ ತಪಾಸಣೆಗೆ ಒಸಿಎಕ್ಸ್‌ನ ಮೊದಲ ತುಣುಕು ನೆರವಾಯಿತು. ಆದರೆ ದಿನನಿತ್ಯದ ನಿರ್ವಹಣೆಗೂ ಎಂ-ಕೋಡ್‌ನ ಸೀಮಿತ ಬಳಕೆಗೂ 2007ರಿಂದ ನಡೆದುಬಂದಿದ್ದ ಹಳೆಯ ವ್ಯವಸ್ಥೆಗೇ ಲಾಕ್‌ಹೀಡ್ ಮಾರ್ಟಿನ್ ಕಂಪನಿಯಿಂದ ತೇಪೆ ಹಾಕಿಸಬೇಕಾಯಿತು. ಹಾಗೆ ಒಂದೇ ಉದ್ದೇಶಕ್ಕೆ ಎರಡು ಕಡೆ ಹಣ ಹರಿಯಿತು.

ಇನ್ನು ರಿಸೀವರ್‌ಗಳು. ವಿಮಾನ, ಹಡಗು, ವಾಹನಗಳ ರಿಸೀವರ್‌ಗಳಲ್ಲಿ ಎಂ-ಕೋಡ್ ಅನ್ನು ಗ್ರಹಿಸುವ ಎಲೆಕ್ಟ್ರಾನಿಕ್ ಕಾರ್ಡು ಕೂರದಿದ್ದರೆ ಸಂಕೇತದಿಂದ ಯೋಧನಿಗೆ ಪ್ರಯೋಜನವಿಲ್ಲ. ಆ ಕಾರ್ಡುಗಳೂ ತಡವಾದವು. ಅವು ಎಲ್ಲೆಡೆ ತಲುಪುವ ಮೊದಲೇ ಅವುಗಳೊಳಗಿನ ಚಿಪ್‌ಗಳ ತಯಾರಿಕೆ ನಿಲ್ಲುವ ಹಂತಕ್ಕೆ ಬಂದು, ಮುಂದಿನ ವರ್ಷಗಳಿಗೆ ಬೇಕಾಗುವಷ್ಟನ್ನು ಮುಂಗಡವಾಗಿಯೇ ಕೊಂಡು ದಾಸ್ತಾನು ಮಾಡಬೇಕಾಯಿತು.