ಕೀ ತಿರುಗಿಸಿ, ಒಂದು ಕ್ಷಣ ನಿಲ್ಲಿ

ಕೇಳುಗರಿಗೆ ನಮಸ್ಕಾರ. ಹಳೆಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನ್ ನೀವು ನೋಡಿರಬಹುದು. ಮುಂದೆ ದುಂಡು ದೀಪಗಳು, ಹಿಂದೆ ಎಂಜಿನ್, ಒಳಗೆ ಮಲಗಲು ಜಾಗ. ನಾನು ಹೇಳಹೊರಟಿರುವುದು ಜರ್ಮನಿಯಲ್ಲಿ 1967ರಿಂದ 1979ರವರೆಗೆ ತಯಾರಾದ ಮಾದರಿಯ ಬಗ್ಗೆ, ಅದರಲ್ಲೂ 1600 ಸಿಸಿ ಎಂಜಿನ್ನಿನ ಗಾಡಿಯ ಬಗ್ಗೆ. ವಿದೇಶದಲ್ಲಿರುವ ನಮ್ಮವರು ಯಾರಾದರೂ ಇಂಥ ವ್ಯಾನ್ ಹಿಡಿದು ಸುತ್ತಲು ಹೊರಟಿದ್ದರೆ, ಸ್ವಲ್ಪ ಕೇಳಿಸಿಕೊಳ್ಳಿ.

ಕೀ ತಿರುಗಿಸಿ. ಎಂಜಿನ್ ಈಗಲೇ ಚಾಲೂ ಮಾಡಬೇಡಿ. ಎರಡು ದೀಪ ಹೊತ್ತಿಕೊಳ್ಳಬೇಕು: ಒಂದು ಬ್ಯಾಟರಿ ಚಾರ್ಜಿನದು, ಇನ್ನೊಂದು ಆಯಿಲಿನದು. ಹೊತ್ತಿದರೆ ಗಾಬರಿ ಬೇಡ. ಹೊತ್ತದಿದ್ದರೇ ಯೋಚಿಸಬೇಕು. ಬಲ್ಬು ಸುಟ್ಟಿದ್ದರೆ ದಾರಿಯಲ್ಲಿ ತೊಂದರೆಯಾದಾಗ ನಿಮಗೆ ಹೇಳುವವರು ಯಾರು?

ಈಗ ಚಾಲೂ ಮಾಡಿ. ಎರಡೂ ಆರಬೇಕು. ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಇರುವ ಗಾಡಿಯಲ್ಲಿ ಎಂಜಿನ್ ನಿಧಾನಕ್ಕೆ ಓಡುವಾಗ ಚಾರ್ಜಿನ ದೀಪ ಮಂದವಾಗಿ ಮಿನುಗಬಹುದು. ಸ್ವಲ್ಪ ಆಕ್ಸಿಲರೇಟರ್ ಒತ್ತಿದಾಗ ಆರಿದರೆ ಚಿಂತೆಯಿಲ್ಲ.

ಆದರೆ ಓಡುತ್ತಿರುವಾಗ ಅದೇ ದೀಪ ಹೊತ್ತಿಕೊಂಡರೆ? "ಬ್ಯಾಟರಿ ವಿಷಯ, ಮನೆಗೆ ಹೋಗಿ ನೋಡೋಣ" ಅಂತ ಬಹಳ ಜನ ಸುಮ್ನೆ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಎಂಜಿನ್‌ಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ತಂಪು ಮಾಡುವುದು ಗಾಳಿ. ಆ ಗಾಳಿ ಬೀಸುವ ಫ್ಯಾನ್ ಇರುವುದು ಡೈನಮೋದ ಶಾಫ್ಟಿನ ಇನ್ನೊಂದು ತುದಿಯಲ್ಲಿ. ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟು. ಅದು ಹರಿದರೆ ಚಾರ್ಜೂ ಇಲ್ಲ, ಗಾಳಿಯೂ ಇಲ್ಲ. ಹಾಗೇ ಓಡಿಸಿದರೆ ಎಂಜಿನ್ ಸುಟ್ಟುಹೋಗುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಹಿಂದೆ ಎಂಜಿನ್ನಿನ ಮುಚ್ಚಳ ತೆರೆದು ಮೊದಲು ಬೆಲ್ಟು ನೋಡಿ.

ಆಯಿಲ್ ದೀಪಕ್ಕೂ ಇದೇ ಗಂಭೀರತೆ ಬೇಕು. ಹಳೆಯ ಕೆಲವು ಗಾಡಿಗಳಲ್ಲಿ ಇದು ಹಸಿರು ಬಣ್ಣದ್ದು. ಹಸಿರು ಅಂದರೆ ಎಲ್ಲ ಸರಿ ಎಂದುಕೊಳ್ಳಬೇಡಿ. ಅದು ತೋರಿಸುವುದು ಆಯಿಲಿನ ಒತ್ತಡವನ್ನು, ಎಷ್ಟಿದೆ ಎಂಬುದನ್ನಲ್ಲ. ಈ ಎಂಜಿನ್ ಹಿಡಿಯುವುದೇ ಸುಮಾರು ಎರಡೂವರೆ ಲೀಟರ್. ಹಾಗಾಗಿ ಹೊರಡುವ ಮುನ್ನ, ಗಾಡಿ ಸಮತಟ್ಟಾದ ಜಾಗದಲ್ಲಿದ್ದಾಗ ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡುವುದು ಬಿಡಬೇಡಿ. ಓಡುವಾಗ ದೀಪ ಹೊತ್ತಿದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು.

ಇನ್ನೊಂದು ಮಾತು. ಗಾಡಿಯಲ್ಲಿ ಒಂದು ಹೆಚ್ಚುವರಿ ಬೆಲ್ಟು, ಬೆಲ್ಟು ಕೂರುವ ಡೈನಮೋ ಪುಲ್ಲಿಯ (ಚಕ್ರದ) ನಟ್ಟಿಗೆ 21 ಎಂಎಂ ಸ್ಪ್ಯಾನರ್, ಪುಲ್ಲಿ ತಿರುಗದಂತೆ ಹಿಡಿಯಲು ಗಟ್ಟಿಯಾದ ಸ್ಕ್ರೂಡ್ರೈವರ್ ಇರಲಿ. ಬಾಡಿಗೆ ಗಾಡಿಯಾದರೆ ಇವು ಎಲ್ಲಿವೆ ಎಂದು ಕೀ ತೆಗೆದುಕೊಳ್ಳುವಾಗಲೇ ಕೇಳಿಬಿಡಿ. ನಮಸ್ಕಾರ.