ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಎಂಜಿನ್ ಕೂರಿಸುವಾಗ

ಶ್ರೋತೃಗಳಿಗೆ ನಮಸ್ಕಾರ.

ಬೆಂಗಳೂರಿನವರಿಗೆ ಸಣ್ಣ ವಿಮಾನ ಹೊಸದಲ್ಲ. ಇಲ್ಲಿ ತಯಾರಾದ ಎಚ್‌ಟಿ-2 ತರಬೇತಿ ವಿಮಾನ ಮೊದಲ ಬಾರಿಗೆ ಹಾರಿದ್ದು 1951ರಲ್ಲಿ, 90 ಅಶ್ವಶಕ್ತಿಯ ಎಂಜಿನ್ನಿನ ಪುಷ್ಪಕ್ ಹಾರಿದ್ದು 1958ರಲ್ಲಿ. ಅವೆರಡೂ ಕಾರ್ಖಾನೆಯ ಕೂಸುಗಳು. ಬಿಡುವಿನ ವೇಳೆಯಲ್ಲಿ ತನ್ನ ಶೆಡ್ಡಿನಲ್ಲೇ ಎರಡು ಸೀಟಿನ ವಿಮಾನ ಕಟ್ಟುವ ಹವ್ಯಾಸಿಗೆ ಎಂಜಿನ್ ಸಿದ್ಧವಾಗಿಯೇ ಪೆಟ್ಟಿಗೆಯಲ್ಲಿ ಬರುತ್ತದೆ. ಅವನ ಕೈಗುಣಕ್ಕೆ ಪರೀಕ್ಷೆ ಒಡ್ಡುವುದು ಆ ಎಂಜಿನ್ನಿಗೂ ವಿಮಾನದ ಮೈಗೂ ನಡುವೆ ಅವನೇ ಜೋಡಿಸುವ ಕೊಳವೆ, ತಂತಿ ಮತ್ತು ಬೋಲ್ಟುಗಳು.

ಹವ್ಯಾಸಿಗಳು ಹೆಚ್ಚಾಗಿ ಆರಿಸುವ ರೋಟಾಕ್ಸ್ 912 ಎಂಜಿನ್ ಸುಮಾರು 60 ಕಿಲೋ ತೂಗುತ್ತದೆ. ಎಂಜಿನ್ ಹೊತ್ತು ನಿಲ್ಲುವ ಚೌಕಟ್ಟನ್ನು, ಅಂದರೆ ಮೌಂಟನ್ನು, ಕೇವಲ 5 ಸೆಂಟಿಮೀಟರ್ ಮುಂದಕ್ಕೆ ಚಾಚಿದರೂ, ಅದನ್ನು ಸರಿತೂಗಿಸಲು ತೂಕದ ಕೇಂದ್ರದಿಂದ ಒಂದೂವರೆ ಮೀಟರ್ ಹಿಂದೆ 2 ಕಿಲೋ ಹೇರಬೇಕಾಗುತ್ತದೆ. ಆದ್ದರಿಂದ ಹೀಗೆ ಸರಿತೂಗಿಸಲು ಒದಗುವ ಬ್ಯಾಟರಿಯ ಜಾಗವನ್ನು ಎಂಜಿನ್ ಕೂರಿಸಿ, ವಿಮಾನವನ್ನು ತೂಗಿ ನೋಡಿದ ಮೇಲೆ ಗೊತ್ತುಮಾಡುವುದು ಜಾಣತನ.

ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿ ತೆಳುವಾಗಿರುವುದರಿಂದ 100 ಅಶ್ವಶಕ್ತಿಯ ಎಂಜಿನ್ ಇಲ್ಲಿನ ಜಕ್ಕೂರು ವಿಮಾನ ನಿಲ್ದಾಣದ ರನ್‌ವೇ ಮೇಲೆ ಹೆಚ್ಚುಕಡಿಮೆ 90ನ್ನಷ್ಟೇ ಕೊಡುತ್ತದೆ, ತಂಪಾಗುವುದೂ ಅಷ್ಟೇ ಕಷ್ಟವಾಗುತ್ತದೆ. ಎಂಜಿನ್ ಬಿಸಿಯೇರುತ್ತಿದೆಯೆಂದು ಅನೇಕರು ಕೌಲಿಂಗಿನ, ಅಂದರೆ ಎಂಜಿನ್ನಿನ ಹೊರಮುಚ್ಚಳದ, ಮುಂದಿನ ಕಿಂಡಿಯನ್ನೇ ಅಗಲಿಸಲು ಹೊರಡುತ್ತಾರೆ. ಬಿಸಿಗಾಳಿ ಹೊರಹೋಗಲು ಹಿಂದೆ ಸಾಕಷ್ಟು ದಾರಿಯಿಲ್ಲದಿದ್ದರೆ ಮುಂದಿನ ಕಿಂಡಿ ಎಷ್ಟು ದೊಡ್ಡದಿದ್ದೂ ವ್ಯರ್ಥ. ಹೊಗೆಗೂಡಿಲ್ಲದ ಅಡುಗೆಮನೆಯಲ್ಲಿ ಒಲೆ ಉರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಲಾಕ್‌ವೈರ್. ಬೋಲ್ಟು ಸಡಿಲವಾಗದಂತೆ ಅದರ ತಲೆಯ ತೂತಿನಲ್ಲಿ ಸಣ್ಣ ಸ್ಟೀಲ್ ತಂತಿ ಪೋಣಿಸಿ, ಹುರಿ ಹೊಸೆದು, ಪಕ್ಕದ ಬೋಲ್ಟಿಗೆ ಕಟ್ಟುವ ಕೆಲಸ ಅದು. ಕಲಿಯುವ ದಿನಗಳಲ್ಲಿ ನಾನು ಬಹಳ ಅಂದವಾಗಿ ಹೊಸೆದು ಕಟ್ಟಿದ್ದ ತಂತಿಯನ್ನು ಹಿರಿಯ ಮೇಸ್ತ್ರಿಯೊಬ್ಬರು ಬೆರಳಿನಿಂದ ಒಮ್ಮೆ ಮೀಟಿ, ಇಕ್ಕಳ ತೆಗೆದು ಕತ್ತರಿಸಿಬಿಟ್ಟರು. "ಬಿಗಿಯೋ ಕಡೆಗೆ ಎಳೀಬೇಕಪ್ಪಾ, ನೀನು ಬಿಚ್ಚೋ ಕಡೆಗೆ ಕಟ್ಟಿದ್ದೀಯ" ಎಂದರು. ಅಂದ ನೋಡುತ್ತಾ ನಾನು ದಿಕ್ಕನ್ನೇ ಮರೆತಿದ್ದೆ.

ಪೆಟ್ರೋಲ್ ಪೈಪನ್ನು ಸೈಲೆನ್ಸರಿನಿಂದ ದೂರ ಒಯ್ದು, ಮೇಲೆ ಬೆಂಕಿ ತಡೆಯುವ ಕವಚ ತೊಡಿಸಬೇಕು. ಎಂಜಿನ್ನಿನ ವೇಗ ಏರಿಸಿ ಇಳಿಸುವ ಥ್ರಾಟಲ್ ಕೇಬಲ್ಲುಗಳಿಗೆ ಇನ್ನೂ ಹೆಚ್ಚಿನ ಗಮನ ಬೇಕು. ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಕಾರ್ಬ್ಯುರೇಟರುಗಳು ಒಂದೇ ಅಳತೆಗೆ ತೆರೆದುಕೊಳ್ಳದಿದ್ದರೆ ಎಂಜಿನ್ ನಡುಗುತ್ತದೆ. ಕೇಬಲ್ ತುಂಡಾದರೆ ಈ ಎಂಜಿನ್ನಿನ ಸ್ಪ್ರಿಂಗು ಥ್ರಾಟಲನ್ನು ಮುಚ್ಚುವುದಿಲ್ಲ, ಪೂರ್ತಿ ತೆರೆದುಬಿಡುತ್ತದೆ. ಹಾರುತ್ತಿರುವವನಿಗೆ ಅದೇ ಮೇಲು. ಆದರೆ ಶೆಡ್ಡಿನ ಮುಂದೆ ಮೊದಲ ಸಲ ಎಂಜಿನ್ ಎಬ್ಬಿಸುವವನು ಇದನ್ನು ತಿಳಿದು, ವಿಮಾನದ ಬಾಲವನ್ನು ಗಟ್ಟಿ ಗೂಟಕ್ಕೆ ಬಿಗಿದಿರಬೇಕು.

ಅದಕ್ಕೂ ಮುಂಚೆ ಆಯಿಲ್ ಏರಿಸುವ ಕೆಲಸವಿದೆ. ಇದರ ಆಯಿಲ್ ಬೇರೆಯೇ ಟ್ಯಾಂಕಿನಲ್ಲಿರುತ್ತದೆ, ಹೊಸ ಪೈಪುಗಳಲ್ಲಿ ಬರೀ ಗಾಳಿ ತುಂಬಿರುತ್ತದೆ. ಇಗ್ನಿಷನ್ ಆಫ್ ಮಾಡಿ, ಪ್ರತಿ ಸಿಲಿಂಡರಿನಿಂದ ಒಂದೊಂದು ಪ್ಲಗ್ ಬಿಚ್ಚಿ, ಪ್ರೊಪೆಲರನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸುತ್ತಾ ಹೋಗಬೇಕು. 20 ಸುತ್ತು ಆಗಬಹುದು, ಇನ್ನೂ ಹೆಚ್ಚೇ ಆಗಬಹುದು, ತೋಳು ಸೋಲುತ್ತದೆ. ಒಬ್ಬರು ತಿರುಗಿಸುತ್ತಿರುವಾಗ ಕಾಕ್‌ಪಿಟ್ಟಿನಲ್ಲಿ ಕುಳಿತ ಇನ್ನೊಬ್ಬರು ಆಯಿಲ್ ಪ್ರೆಷರಿನ ಮುಳ್ಳನ್ನು ನೋಡುತ್ತಿರಬೇಕು. ಅದು ಸೊನ್ನೆಯಿಂದ ಕದಲಿದ ಮೇಲೆಯೇ ಪ್ಲಗ್ಗುಗಳನ್ನು ಮತ್ತೆ ಹಾಕಿ, ಪೆಟ್ರೋಲ್ ಕಾಕ್ ತೆರೆಯಬೇಕು.

ನಮಸ್ಕಾರ.